ಸೀಟಮ್ಮ ಒತ್ತಿದ ಗುಂಡಿ

ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಕಾಲೇಜು ಹುಡುಕಿಕೊಡುವ ಕೆಲಸ ಮಾಡುತ್ತಿದ್ದವಳಿಗೆ ಮಕ್ಕಳು ಇಟ್ಟಿದ್ದ ಹೆಸರು ಸೀಟಮ್ಮ. ಹೆಸರು ಅವಳ ಕಿವಿಗೂ ಬಿದ್ದಿತ್ತು. ಮೊದಲ ಸಲ ಬಿದ್ದಾಗ ಸಿಟ್ಟು ಬಂದವಳಂತೆ ಮುಖ ಗಂಟಿಕ್ಕಿಕೊಂಡಳೇ ಹೊರತು ಒಳಗೊಳಗೆ ಉಬ್ಬಿಹೋಗಿದ್ದಳು. ಗಣಿತದ ಮೇಷ್ಟ್ರಿಗೆ, ಹೆಡ್ ಮೇಡಂಗೆ ಇಲ್ಲದ ಪಟ್ಟ ತನಗೆ ಸಿಕ್ಕಿದೆಯಲ್ಲ ಎಂಬ ಖುಷಿ.

ಅವಳ ಕೋಣೆ ಮಹಡಿ ಮೆಟ್ಟಿಲಿನ ಕೆಳಗೆ. ಮೆಟ್ಟಿಲು ಇಳಿದಂತೆ ಕೋಣೆಯ ಸೂರೂ ಇಳಿಯುತ್ತಿತ್ತು. ಬಾಗಿಲಲ್ಲಿ ಬಂದ ಅಪ್ಪಂದಿರೆಲ್ಲ ತಲೆ ಬಗ್ಗಿಸಿಕೊಂಡೇ ಅವಳ ಮೇಜಿನವರೆಗೆ ಬರಬೇಕು. ದೊಡ್ಡ ಕೋಣೆ ಕೊಡುತ್ತೇವೆಂದು ಶಾಲೆಯವರು ಎರಡು ಸಲ ಕೇಳಿದ್ದರು. ಬೇಡ, ಇದೇ ಅಭ್ಯಾಸವಾಗಿದೆ ಎಂದಿದ್ದಳು. ಯಾವುದು ಅಭ್ಯಾಸವಾಗಿದೆ ಎಂದು ಬಿಡಿಸಿ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಬಂದ ಅಪ್ಪ ತಲೆ ಬಗ್ಗಿಸಲಿಲ್ಲ. ಆಸಾಮಿ ಕುಳ್ಳ, ಬಗ್ಗಿಸುವ ಅಗತ್ಯವೇ ಬೀಳಲಿಲ್ಲ. ಲಿಫ್ಟ್ ರಿಪೇರಿಯವನು. ಕೆಲಸದ ನೀಲಿ ಅಂಗಿ, ಜೇಬಿನಲ್ಲಿ ಟೆಸ್ಟರು, ಉಗುರು ಸಂದಿಯಲ್ಲಿ ಗ್ರೀಸು. ಕೂತ್ಕೊಳ್ಳಿ ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂತ. ಸೀಟಮ್ಮನ ಮೈ ಉರಿಯಲು ಅಷ್ಟು ಸಾಕಾಯಿತು.

ಅವನ ಮಗಳು ಆ ವರ್ಷದ ಮಕ್ಕಳಲ್ಲೇ ಚುರುಕು. ಕಿವಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುವ ಓದು ಓದುತ್ತೇನೆಂದು ಹಿಡಿದ ಹಟ ಬಿಟ್ಟವಳಲ್ಲ. ಅವಳಿಗೆ ಎರಡು ಕಡೆ ಸೀಟು ಬಂದಿತ್ತು. ಒಂದು, ಹೆಸರು ಹೇಳಿದರೆ ಜನ ಎದ್ದು ಕೂರುವಂಥ ದೊಡ್ಡ ಕಾಲೇಜು. ಅಲ್ಲಿ ಅರ್ಧ ಫೀಸು ಮಾಫಿ, ಉಳಿದರ್ಧಕ್ಕೆ ಬ್ಯಾಂಕಿನ ಸಾಲ ಮಾಡಬೇಕು. ಇನ್ನೊಂದು, ಊರಾಚೆಯ ಆಸ್ಪತ್ರೆಯೊಂದರ ಹಿತ್ತಿಲಲ್ಲಿರುವ ಎರಡೇ ಮಹಡಿಯ ಸಣ್ಣ ಕಾಲೇಜು. ಅಲ್ಲಿ ಫೀಸು, ಹಾಸ್ಟೆಲ್ಲು ಎಲ್ಲ ಮಾಫಿ. ಎರಡರಲ್ಲಿ ಒಂದನ್ನು ಶುಕ್ರವಾರ ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒಪ್ಪಿಕೊಳ್ಳಬೇಕು. ಒಂದನ್ನು ಒಪ್ಪಿಕೊಂಡ ಕ್ಷಣವೇ ಇನ್ನೊಂದು ಕೈತಪ್ಪಿತು ಅಂತಲೇ ಲೆಕ್ಕ.

"ಹೇಳಿ," ಎಂದಳು ಸೀಟಮ್ಮ, ಫೈಲಿನಿಂದ ತಲೆ ಎತ್ತದೆ.

"ನನ್ನ ಮಗಳು ಸಣ್ಣ ಕಾಲೇಜಿಗೆ ಹೋಗ್ತಾಳೆ. ಹೇಳಿ ಹೋಗೋಣ ಅಂತ ಬಂದೆ."

"ಅವಳು ಹೋಗ್ತಾಳೋ, ನೀವು ಕಳಿಸ್ತೀರೋ?"

"ಎರಡೂ ಒಂದೇ."

"ಒಂದೇ ಅಲ್ಲ ರೀ. ಒಂದೇ ಆಗಿದ್ದಿದ್ರೆ ನನಗಿಲ್ಲಿ ಏನು ಕೆಲಸ ಇರ್ತಿತ್ತು?"

"ಅದೇ ನಾನೂ ಯೋಚ್ನೆ ಮಾಡ್ತಿದ್ದೆ," ಎಂದ ಲಿಫ್ಟಿನವನು.

ಈಗ ಸೀಟಮ್ಮ ತಲೆ ಎತ್ತಿದಳು. ಅವನು ಅವಳ ನೋಟಕ್ಕೆ ಸೊಪ್ಪು ಹಾಕದೆ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದ.

"ದೊಡ್ಡ ಕಾಲೇಜಿನ ಲಿಫ್ಟು ನೋಡಿಕೊಳ್ಳೋದು ನಮ್ಮ ಕಂಪನಿ. ಬೇರೆಯವನ ಸರದಿ ಇತ್ತು, ನಾನು ಕೇಳಿ ಹಾಕಿಸ್ಕೊಂಡು ಹೋದೆ. ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಲಿಫ್ಟಲ್ಲೇ ನಿಂತಿದ್ದೆ. ಹತ್ತಿದವರನ್ನೆಲ್ಲ ಮಾತಾಡಿಸ್ದೆ. ಇವಳು ಓದಬೇಕಾಗಿರೋದು ನಾಲ್ಕನೇ ಮಹಡಿ. ಮೂರು ದಿನದಲ್ಲಿ ಅಲ್ಲಿಗೆ ಹೋದವರು ಮೂವತ್ತು ಜನ ಇಲ್ಲ. ಅದರಲ್ಲಿ ಕಸ ಗುಡಿಸೋರೂ ಸೇರಿದಾರೆ. ಮೇಷ್ಟ್ರು ಒಬ್ಬರೇ. ಇಬ್ಬರು ಬಿಟ್ಟುಹೋಗಿ ವರ್ಷ ಆಯ್ತಂತೆ. ಕಿವಿ ಪರೀಕ್ಷೆ ಮಾಡೋ ಕೋಣೆಗೆ ಬೀಗ. ಬೀಗದ ಮೇಲೆ ಧೂಳು."

ಸೀಟಮ್ಮನಿಗೆ ನಗು ಬಂತು. ತಡೆದುಕೊಳ್ಳಬಹುದಿತ್ತು, ತಡೆದುಕೊಳ್ಳಲಿಲ್ಲ.

"ಲಿಫ್ಟಲ್ಲಿ ನಿಂತು ಕಾಲೇಜು ಅಳೆಯೋರನ್ನ ಇವತ್ತೇ ನೋಡಿದ್ದು ನಾನು." ಹಿಂದಿನ ಕಪಾಟಿನಿಂದ ದಪ್ಪ ಪುಸ್ತಕ ಎಳೆದು ಅವನ ಮುಂದೆ ದೊಪ್ಪನೆ ಹಾಕಿದಳು. "ದೇಶಕ್ಕೇ ಏಳನೇದು. ನೂರಾರು ಜನ ತಿಳಿದವರು ಕೂತು ಮಾಡಿದ ಪಟ್ಟಿ ಇದು. ಓದಿ ನೋಡಿ."

"ಅವರು ನಾಲ್ಕನೇ ಮಹಡಿಗೆ ಹೋಗಿದ್ರಾ?"

ಉತ್ತರವಿಲ್ಲದಾಗ ಎದುರಿನವರ ಗಾಯ ಹುಡುಕಿ ಕೈ ಹಾಕುವುದು ಅವಳ ಹಳೆಯ ಚಾಳಿ.

"ಸಾಲಕ್ಕೆ ಸಹಿ ಹಾಕೋಕೆ ಕೈ ನಡುಗತ್ತೆ, ಅಷ್ಟೇ ವಿಷಯ. ಅದನ್ನ ನೇರವಾಗಿ ಹೇಳೋ ಬದಲು ಈ ಧೂಳು, ಬೀಗ ಎಲ್ಲ ಯಾಕೆ? ಮಗ ಆಗಿದ್ದಿದ್ರೆ ಸಾಲ ಮಾಡ್ತಿದ್ರಿ."

ಲಿಫ್ಟಿನವನ ಮುಖ ಕೆಂಪಾಯಿತು. ಚೀಟಿಯನ್ನು ಮಡಚಿದ, ಇನ್ನೊಮ್ಮೆ ಮಡಚಿದ.

"ನಿಮಗೆ ಕಮಿಷನ್ ಎಷ್ಟು ಸಿಗತ್ತೆ ಮೇಡಂ?"

"ಏನಂದ್ರಿ?"

"ಆ ಕಾಲೇಜಿಗೆ ಒಂದು ತಲೆ ಕಳಿಸಿದ್ರೆ ಎಷ್ಟು ಕೊಡ್ತಾರೆ? ನಮ್ಮ ಭಾವಮೈದುನನ ಮಗನಿಗೂ ಒಬ್ಬ ಹೀಗೇ ಪುಸ್ತಕ ತೋರಿಸಿದ್ದ."

"ಎದ್ದು ಹೋಗ್ರೀ ಮೊದಲು!"

"ಹೋಗ್ತೀನಿ. ಆದ್ರೆ ನನ್ನ ಮಗಳ ವಿಷಯದಲ್ಲಿ ಮೂಗು ತೂರಿಸಿದ್ರೆ ಸುಮ್ನಿರಲ್ಲ. ತಿಳ್ಕೊಳ್ಳಿ." ಅವನು ಹೋದ. ಬಾಗಿಲು ಹಾಕಿದ ಸದ್ದಿಗೆ ಮೇಲಿನ ಮೆಟ್ಟಿಲಲ್ಲಿ ಇಳಿಯುತ್ತಿದ್ದ ಮಕ್ಕಳೆಲ್ಲ ಒಂದು ಗಳಿಗೆ ನಿಂತರು.

ಸೀಟಮ್ಮ ಕಮಿಷನ್ ಮುಟ್ಟಿದವಳಲ್ಲ, ಅದು ಸತ್ಯ. ಕಾಲೇಜುಗಳ ಏಜೆಂಟರು ಉಡುಗೊರೆ ಹಿಡಿದುಕೊಂಡು ಬಂದಾಗ ಹೊರಗಟ್ಟಿ ಬಾಗಿಲು ಹಾಕಿಕೊಂಡವಳು. ಆದ್ದರಿಂದಲೇ ಆ ಮಾತು ಮುಳ್ಳಿನಂತೆ ಕೂತಿತು. ಆದರೆ ಅವಳಿಗೆ ಬೇರೆ ಚಟವಿತ್ತು. ಹೆಡ್ ಮೇಡಂ ಕೋಣೆಯ ಎದುರು ಒಂದು ಬೋರ್ಡು ಇದೆ. ವರ್ಷ ವರ್ಷ ಯಾವ ಯಾವ ಕಾಲೇಜಿಗೆ ಮಕ್ಕಳು ಹೋದರೆಂದು ಅದರಲ್ಲಿ ಬರೆಸುತ್ತಾರೆ. ದೊಡ್ಡ ಕಾಲೇಜಿನ ಹೆಸರು ಅಲ್ಲಿ ಕಾಣಿಸಿಕೊಳ್ಳದೆ ನಾಲ್ಕು ವರ್ಷವಾಗಿತ್ತು. ಹೋಗುತ್ತ ಬರುತ್ತ ಆ ಬೋರ್ಡು ಅವಳನ್ನು ಅಣಕಿಸುತ್ತಿತ್ತು. ಮಕ್ಕಳ ಒಳ್ಳೆಯದು ಅವಳಿಗೆ ಬೇಕಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋಗುತ್ತದೆ. ಬೇಕಿತ್ತು. ಒಳ್ಳೆಯದು ಯಾವುದೆಂದು ಹೇಳುವವಳು ಮಾತ್ರ ತಾನೇ ಆಗಿರಬೇಕಿತ್ತು.

ಅವಳ ಸ್ವಂತ ಅಪ್ಪನೂ ಮನೆಯಿಂದ ನಡೆದುಹೋಗುವಷ್ಟು ದೂರದ ಕಾಲೇಜಿಗೆ ಅವಳನ್ನು ಸೇರಿಸಿ ಕೈತೊಳೆದುಕೊಂಡಿದ್ದ. ಅದೊಂದನ್ನು ನೆನೆಸಿಕೊಂಡರೆ ಸಾಕು, ಜಗತ್ತಿನ ಯಾವ ಅಪ್ಪನ ಮೇಲೆ ಬೇಕಾದರೂ ಅವಳಿಗೆ ರೇಗುತ್ತಿತ್ತು.

ಮಂಗಳವಾರ ಹುಡುಗಿಯನ್ನು ಕರೆಸಿ ಕೇಳಿದಳು. "ಯೋಚ್ನೆ ಮಾಡ್ತಿದೀನಿ ಮಿಸ್," ಎಂದಳು ಹುಡುಗಿ. ಬುಧವಾರವೂ ಅದೇ ಉತ್ತರ. ಗುರುವಾರ, "ನಾಳೆ ಹೇಳ್ತೀನಿ ಮಿಸ್, ಖಂಡಿತ," ಎಂದು ನೆಲ ನೋಡಿದಳು. ನೆಲ ನೋಡಿದ್ದಕ್ಕೆ ಸೀಟಮ್ಮ ತನಗೆ ಬೇಕಾದ ಅರ್ಥ ಹಚ್ಚಿಕೊಂಡಳು. ಪಾಪ, ಅಪ್ಪನಿಗೆ ಹೆದರಿ ತುಟಿ ಪಿಟಿಕ್ಕೆನ್ನುತ್ತಿಲ್ಲ.

ಶುಕ್ರವಾರ ಹುಡುಗಿ ಶಾಲೆಗೆ ಬರಲಿಲ್ಲ.

ಹತ್ತು ಗಂಟೆಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಹನ್ನೊಂದಕ್ಕೆ, ಹನ್ನೆರಡಕ್ಕೆ, ಹನ್ನೆರಡೂವರೆಗೆ, ಅದೇ ಹಾಡು. ಹುಡುಗಿಯ ಅಮ್ಮನಿಗೆ ಮಾಡಿದರೆ, "ಅಪ್ಪ ಮಗಳು ಬೆಳಿಗ್ಗೆಯೇ ಎಲ್ಲೋ ಹೊರಟ್ರು ಮೇಡಂ, ನನಗೆಲ್ಲಿ ಹೇಳ್ತಾರೆ, ನಾನು ಈ ಮನೇಲಿ ಲೆಕ್ಕಕ್ಕಿದ್ರೆ ತಾನೇ," ಎಂದು ಆಕೆ ತನ್ನದೇ ಗೋಳು ಶುರುಮಾಡಿದಳು. ಸೀಟಮ್ಮನಿಗೆ ಎಲ್ಲ ಸ್ಪಷ್ಟವಾಯಿತು. ಕುಳ್ಳ ಮಗಳ ಫೋನ್ ಕಿತ್ತುಕೊಂಡಿದ್ದಾನೆ. ಐದು ಗಂಟೆ ಹತ್ತಿರವಾಗುವವರೆಗೆ ಎಲ್ಲಾದರೂ ಸುತ್ತಾಡಿಸಿಕೊಂಡು ಬಂದು, ತಾನೇ ಸಣ್ಣ ಕಾಲೇಜು ಒತ್ತಿಬಿಡುತ್ತಾನೆ. ಒಂದು ಸಲಕ್ಕೂ ಅವಳಿಗೆ ತನ್ನ ಊಹೆ ತಪ್ಪಿರಬಹುದು ಅನ್ನಿಸಲಿಲ್ಲ.

ಅವಳ ಮೇಜಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ಕು ಇತ್ತು. ಮಕ್ಕಳು ಪಾಸ್‌ವರ್ಡ್ ಮರೆತು, ಕೊನೆಯ ತಾರೀಖು ತಪ್ಪಿಸಿಕೊಂಡು ಅಳುವುದನ್ನು ಕಂಡು ಕಂಡು, ಎಲ್ಲರ ಪಾಸ್‌ವರ್ಡನ್ನೂ ಅದರಲ್ಲಿ ಬರೆಸಿಕೊಳ್ಳುವ ಪದ್ಧತಿ ಮಾಡಿದ್ದಳು. ಫಾರಂ ತುಂಬುವುದಕ್ಕೆ, ತಪ್ಪು ತಿದ್ದುವುದಕ್ಕೆ ಅದನ್ನು ನೂರು ಸಲ ತೆರೆದಿದ್ದಾಳೆ. ಮಕ್ಕಳ ಪರವಾಗಿ ಆಯ್ಕೆ ಮಾಡುವುದಕ್ಕೆ ಒಂದು ಸಲವೂ ತೆರೆದಿರಲಿಲ್ಲ.

ಒಂದು ಗಂಟೆಗೆ ತೆರೆದಳು.

ದೊಡ್ಡ ಕಾಲೇಜಿನ ಹೆಸರಿನ ಮುಂದೆ ಗುರುತು ಹಾಕಿದಾಗ ಪರದೆಯ ಮೇಲೆ ಪ್ರಶ್ನೆ ಬಂತು. ಖಚಿತವೇ? ನಿಮ್ಮ ಇನ್ನೊಂದು ಸೀಟು ಈಗಲೇ ಕಾಯುವ ಪಟ್ಟಿಯ ಮೊದಲಿಗರಿಗೆ ಹೋಗುತ್ತದೆ. ಸೀಟಮ್ಮನ ಕೈ ನಿಂತಿತು. ನಿಂತದ್ದು ಪಾಪಪ್ರಜ್ಞೆಯಿಂದಲ್ಲ. ಸಣ್ಣ ಕಾಲೇಜಿನ ಕಾಯುವ ಪಟ್ಟಿಯಲ್ಲಿ ಮೊದಲಿಗ ಯಾರೆಂದು ಅವಳಿಗೆ ಗೊತ್ತಿತ್ತು. ಇದೇ ಶಾಲೆಯ ಹುಡುಗ, ಊರೊಳಗಿನ ಇನ್ನೊಂದು ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸಿನ ಒಬ್ಬನೇ ಮಗ. ಅಪ್ಪ ಇಲ್ಲ. ಮಾಫಿಯ ಸೀಟು ಸಿಗದಿದ್ದರೆ ಓದು ಅಲ್ಲಿಗೇ ಮುಗಿಯಿತು. ಹುಡುಗಿಗೆ ದೊಡ್ಡ ಕಾಲೇಜು, ಹುಡುಗನಿಗೆ ಸಣ್ಣ ಕಾಲೇಜು, ಬೋರ್ಡಿಗೆ ಎರಡು ಹೆಸರು. ಇಷ್ಟು ಚೆಂದವಾಗಿ ಹೊಂದಿಕೊಂಡದ್ದನ್ನು ಕಂಡು ದೇವರೇ ಮುಂದೆ ನಿಂತು ಮಾಡಿಸುತ್ತಿದ್ದಾನೆ ಅನ್ನಿಸಿತು ಅವಳಿಗೆ. ತಾನು ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿರುವವರೇ ಹೀಗೆ ದೇವರನ್ನು ಕರೆಯುವುದು.

ಒತ್ತಿದಳು. ಒತ್ತಿದ ಮೇಲೆ ಹುಡುಗನ ಅಮ್ಮನಿಗೆ ಫೋನ್ ಮಾಡಿ, "ಇವತ್ತು ಮೆಸೇಜ್ ನೋಡ್ತಾ ಇರೋಕೆ ಹೇಳಿ ಮಗನಿಗೆ," ಎಂದಷ್ಟೇ ಹೇಳಿದಳು. ಆಮೇಲೆ ಊಟದ ಡಬ್ಬಿ ತೆರೆದು ಹೊಟ್ಟೆ ತುಂಬ ಉಂಡಳು.

ಮೂರು ಗಂಟೆಗೆ ಬಾಗಿಲು ಬಡಿದು ಒಳಗೆ ಬಂದದ್ದು ಹುಡುಗಿ. ಕೂದಲು ಕೆದರಿತ್ತು, ಮುಖ ಅರಳಿತ್ತು. ಹಿಂದೆ ಲಿಫ್ಟಿನವನು, ಕೈಕಟ್ಟಿಕೊಂಡು, ಬಾಗಿಲ ಪಕ್ಕದ ಗೋಡೆಗೆ ಒರಗಿ.

"ಮಿಸ್, ನಾವು ಸಣ್ಣ ಕಾಲೇಜಿಗೆ ಹೋಗಿದ್ವಿ!" ಹುಡುಗಿ ಏದುಸಿರಲ್ಲೇ ಶುರುಮಾಡಿದಳು. "ಕಿವಿ ಪರೀಕ್ಷೆ ಕೋಣೇಲಿ ಮೂರು ಗಂಟೆ ಕೂರಿಸಿದ್ರು. ಅಲ್ಲಿ ಫೋನೆಲ್ಲ ಆಫ್ ಮಾಡ್ಬೇಕು ಮಿಸ್, ಸಣ್ಣ ಸದ್ದೂ ಇರಬಾರ್ದು. ಒಂದು ಮೂರು ವರ್ಷದ ಪಾಪು ಬಂದಿತ್ತು. ಕಿವಿಗೆ ಮೆಷಿನ್ ಹಾಕಿ ಅವರಮ್ಮ ಕರೆದ್ರೆ ತಿರುಗಿ ನೋಡ್ತು. ಮೊದಲ ಸಲ ಅಂತೆ. ನಂಗೆ ಅಳುವೇ ಬಂತು. ಮೊದಲನೇ ವರ್ಷದವರಿಗೂ ಅಲ್ಲಿ ದಿನಾ ಕೆಲಸ ಕೊಡ್ತಾರಂತೆ. ನಂಗೆ ಅದೇ ಬೇಕು ಮಿಸ್. ಅಪ್ಪ ಬಸ್ಸಲ್ಲೇ ಫೋನಲ್ಲಿ ಒತ್ತಿಬಿಡು ಅಂದ್ರು. ನಾನೇ ಬೇಡ ಅಂದೆ. ಇಷ್ಟು ದಿನ ಒದ್ದಾಡಿದ್ದು ನೀವು. ನಿಮ್ಮ ಮುಂದೆ ಕೂತೇ ಒತ್ತಬೇಕು ಅಂತ ಓಡಿ ಬಂದೆ."

ಸೀಟಮ್ಮ ಎದುರಿನ ಕುರ್ಚಿ ತೋರಿಸಿದಳು.

"ಕೂತ್ಕೋ," ಎಂದಳು.

"ಇಲ್ಲ ಮಿಸ್, ಮೊದಲು ಒತ್ತಿಬಿಡ್ತೀನಿ."

"ಒತ್ತಿ ಆಗಿದೆ ಕಣೇ."

ಹುಡುಗಿಗೆ ಅರ್ಥವಾಗಲಿಲ್ಲ. ಗೋಡೆಗೆ ಒರಗಿದ್ದವನಿಗೆ ಅರ್ಥವಾಯಿತು. ಅವನು ಗೋಡೆ ಬಿಟ್ಟು ನೇರ ನಿಂತ.

"ಯಾವುದನ್ನ?" ಎಂದು ಕೇಳಿದ.

ಸೀಟಮ್ಮ ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿದಳು. ಬಾಯಲ್ಲಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಹುಡುಗಿ ಪರದೆ ಓದಿದಳು. ಅವಳ ಮುಖದಲ್ಲಿದ್ದದ್ದು ಅಲ್ಲಿಯೇ ಆರಿಹೋಯಿತು. ಅಳುತ್ತಾಳೆ ಎಂದುಕೊಂಡಳು ಸೀಟಮ್ಮ, ಅಳಲೆಂದು ಕಾದಳು ಕೂಡ. ಅಳುವ ಮಕ್ಕಳನ್ನು ಸಮಾಧಾನ ಮಾಡುವುದು ಅವಳಿಗೆ ಗೊತ್ತಿತ್ತು. ಹುಡುಗಿ ಅಳಲಿಲ್ಲ.

"ಸೋಮವಾರ ಹೇಳಿದ್ದೆ," ಎಂದ ಲಿಫ್ಟಿನವನು. ಕೂಗಾಡಿದ್ದರೆ ಸೀಟಮ್ಮನೂ ಕೂಗಾಡಬಹುದಿತ್ತು. ಅವನು ಕೂಗಾಡಲಿಲ್ಲ. "ಮೂಗು ತೂರಿಸಬೇಡಿ ಅಂತ ಹೇಳಿದ್ದೆ. ಈಗ ಸರಿ ಮಾಡಿ."

"ನೋಡಿ, ದೊಡ್ಡ ಕಾಲೇಜೇನೂ..."

"ಸರಿ ಮಾಡಿ ಅಂದೆ."

ಸಣ್ಣ ಕಾಲೇಜಿನ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯ ಗುಮಾಸ್ತನ ದನಿ ಕೋಣೆಯಲ್ಲೆಲ್ಲ ಕೇಳಿಸುತ್ತಿತ್ತು. ಒತ್ತಿದ ದಿನವೇ, ಕಚೇರಿ ಮುಚ್ಚುವ ಐದೂವರೆಯೊಳಗೆ ಬಂದರೆ ವಾಪಸ್ ಪಡೆಯಬಹುದು. ಹುಡುಗಿ ಬರಬೇಕು, ಅಪ್ಪ ಅಥವಾ ಅಮ್ಮ ಬರಬೇಕು, ಬೇರೆಯವರು ಒತ್ತಿದ್ದರೆ ಒತ್ತಿದವರೇ ಬರೆದುಕೊಟ್ಟ ಕಾಗದ ಬೇಕು. ಕಾಗದದ ಒಂದು ಪ್ರತಿ ಅವರ ಶಾಲೆಗೆ ಹೋಗುತ್ತದೆ.

"ಈಗಾಗಲೇ ಮುಂದಿನವರಿಗೆ ಕೊಟ್ಟಿದ್ದರೆ?" ಎಂದು ಕೇಳಿದಳು ಸೀಟಮ್ಮ.

"ಮಧ್ಯಾಹ್ನವೇ ಕೊಟ್ಟಾಗಿದೆ. ನೀವು ಬಂದರೆ ಅದು ರದ್ದಾಗುತ್ತೆ ಅಷ್ಟೇ," ಎಂದು ಗುಮಾಸ್ತ ಫೋನಿಟ್ಟ.

ಆ ಕಾಗದ ಶಾಲೆಗೆ ಬಂದರೆ ತನ್ನ ಕೆಲಸ ಉಳಿಯುವುದಿಲ್ಲವೆಂದು ಸೀಟಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಾಳೆ ಎಳೆದುಕೊಂಡು ಬರೆದಳು. ಬರೆದದ್ದನ್ನು ಲಿಫ್ಟಿನವನು ಎತ್ತಿಕೊಂಡು, ಬೆರಳಿಟ್ಟು, ಸಾಲು ಸಾಲಾಗಿ ಓದಿದ.

"'ತಪ್ಪಾಗಿ ಒತ್ತಿದೆ' ಅಂತ ಬರೆದಿದೀರಿ."

"ತಪ್ಪೇ ಅಲ್ವೇನ್ರೀ ಆದದ್ದು?"

"ಕೈ ಜಾರಿ ಒತ್ತಿದ್ರಾ?"

ಸೀಟಮ್ಮ ಹಾಳೆಗೆ ಕೈ ಚಾಚಿದಳು, ಅವನು ಕೊಡಲಿಲ್ಲ.

"ಬೇಕಂತ್ಲೇ ಒತ್ತಿದ್ದು ನೀವು. ನಮ್ಮನ್ನ ಕೇಳದೆ, ಇವಳ ಪಾಸ್‌ವರ್ಡ್ ಹಾಕಿ, ಗೊತ್ತಿದ್ದೂ ಒತ್ತಿದ್ದು. ಹಾಗೇ ಬರೀರಿ. 'ತಪ್ಪಾಗಿ' ಅಂತ ಇದ್ರೆ ನಾಳೆ ಯಾರಾದ್ರೂ ಇವಳೇ ತಪ್ಪು ಒತ್ತಿದ್ಲು ಅಂದ್ಬಿಡ್ತಾರೆ."

"ನನ್ನ ಹೊಟ್ಟೆ ಮೇಲೆ ಹೊಡೆದು ನಿಮಗೇನು ಸಿಗತ್ತೆ?"

"ನನಗೇನೂ ಬೇಡ. ಇವಳ ಸೀಟು ಬೇಕು."

ಸೀಟಮ್ಮ ಹುಡುಗಿಯ ಮುಖ ನೋಡಿದಳು, ಇವಳಾದರೂ ಸಾಕು ಬಿಡಪ್ಪಾ ಅಂದಾಳೇನೋ ಎಂದು. ಹುಡುಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಮೂರೂ ಮುಕ್ಕಾಲಿಗೆ ಒಂದು ಬಸ್ಸಿದೆ ಮಿಸ್," ಎಂದಳು.

ಸೀಟಮ್ಮ ಇನ್ನೊಂದು ಹಾಳೆ ತೆಗೆದಳು. ಹುಡುಗಿಯ ಒಪ್ಪಿಗೆಯಿಲ್ಲದೆ, ಅವಳ ಮನೆಯವರ ಒಪ್ಪಿಗೆಯಿಲ್ಲದೆ, ಗೊತ್ತಿದ್ದೂ ನಾನೇ ಒತ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ಮಕ್ಕಳಿಗೆಂದು ಸಾವಿರ ಕಾಗದ ಬರೆದ ಕೈ ಇಷ್ಟು ಸಣ್ಣ ಕಾಗದಕ್ಕೆ ಬೆವತುಹೋಯಿತು. ಈ ಕುಳ್ಳನ ಮೇಲೆ ಅವಳಿಗೆ ಹುಟ್ಟಿದ ದ್ವೇಷಕ್ಕೆ ಲೆಕ್ಕವಿರಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದಕ್ಕೇ ಅಷ್ಟು ದ್ವೇಷ.

ಇನ್ನೂ ಸಹಿ ಹಾಕಿರಲಿಲ್ಲ. ಬಾಗಿಲು ತಳ್ಳಿಕೊಂಡು ಬಂದಳು ಹುಡುಗನ ಅಮ್ಮ.

ಆಸ್ಪತ್ರೆಯ ಕೆಲಸದ ಉಡುಪಿನಲ್ಲೇ ಬಂದಿದ್ದಳು. ತೋಳು ಮೊಣಕೈವರೆಗೆ ಮಡಚಿತ್ತು, ದಿನವಿಡೀ ಬಿಸಿನೀರಲ್ಲಿ ನೆಂದ ಬೆರಳುಗಳು ಬಿಳಿಚಿ ಸುಕ್ಕಾಗಿದ್ದವು. ಕೋಣೆಯಲ್ಲಿ ಬೇರೆಯವರಿದ್ದಾರೆ ಎಂಬುದೂ ಮೊದಲಿಗೆ ಅವಳ ಕಣ್ಣಿಗೆ ಬೀಳಲಿಲ್ಲ.

"ಬಂತು ಮೇಡಂ! ಮೆಸೇಜ್ ಬಂತು! ನೀವು ಫೋನ್ ಮಾಡಿದಾಗ್ಲೇ ನನಗೆ ಅನ್ನಿಸ್ತು, ಏನೋ ಇದೆ, ಇಲ್ಲದಿದ್ರೆ ಮೇಡಂ ಸುಮ್ನೆ ಫೋನ್ ಮಾಡೋರಲ್ಲ ಅಂತ." ಎರಡೂ ಕೈಯಿಂದ ಸೀಟಮ್ಮನ ಕೈ ಹಿಡಿದುಕೊಂಡಳು, ಪೆನ್ನು ಸಮೇತ. ಆಮೇಲೆ ಲಿಫ್ಟಿನವನ ಕಡೆ ತಿರುಗಿ, "ಇವರನ್ನ ನಂಬಿ ಅಣ್ಣಾ. ನಿಮ್ಮ ಮಗಳಿಗೂ ಒಳ್ಳೇದೇ ಮಾಡ್ತಾರೆ," ಎಂದಳು.

ಅಣ್ಣ ಎಂದು ಕರೆಸಿಕೊಂಡವನು ಮುಖ ಆ ಕಡೆ ತಿರುಗಿಸಿದ. ಅಂದು ಮೊದಲ ಬಾರಿಗೆ ಅವನ ಗಟ್ಟಿತನ ಅಲ್ಲಾಡಿದ್ದನ್ನು ಸೀಟಮ್ಮ ನೋಡಿದಳು. ನೋಡಿದ್ದೇ ತಡ, ಅವಳೊಳಗೆ ನಾಚಿಕೆಗೆಟ್ಟ ಆಸೆಯೊಂದು ತಲೆ ಎತ್ತಿತು. ಇವರ ಮನಸ್ಸು ಕರಗಲಿ. ಹೋಗಲಿ ಬಿಡಿ, ಆ ಹುಡುಗನಿಗೇ ಇರಲಿ ಎಂದು ಹುಡುಗಿ ಹೇಳಿಬಿಡಲಿ. ಕಾಗದ ಹರಿದುಹಾಕಬಹುದು, ಕೆಲಸ ಉಳಿಯುತ್ತದೆ, ಬೋರ್ಡಿಗೆ ಹೆಸರೂ ಬರುತ್ತದೆ.

ಹುಡುಗಿ ಆ ತಾಯಿಯನ್ನೇ ನೋಡುತ್ತಿದ್ದಳು. ಹುಡುಗ ಅವಳ ತರಗತಿಯವನೇ. ಅವಳ ಕಣ್ಣಲ್ಲಿ ಈಗ ನೀರಿತ್ತು. ಆಮೇಲೆ ಮೇಜಿನ ಮೇಲಿದ್ದ ಹಾಳೆಯನ್ನು ಬೆರಳಿನಿಂದ ಸೀಟಮ್ಮನ ಮುಂದಕ್ಕೆ ದೂಡಿದಳು.

"ಸಹಿ ಆಗಿಲ್ಲ ಮಿಸ್."

ಸೀಟಮ್ಮ ತಾಯಿಯ ಹಿಡಿತದಿಂದ ಕೈ ಬಿಡಿಸಿಕೊಂಡು ಸಹಿ ಹಾಕಿದಳು. ಹುಡುಗಿ ಹಾಳೆಯನ್ನು ಮಡಚದೆ ಪುಸ್ತಕದೊಳಗಿಟ್ಟು ಚೀಲಕ್ಕೆ ಹಾಕಿದಳು. ಹೋಗಿಬರ್ತೀನಿ ಅನ್ನಲಿಲ್ಲ. ಬಾಗಿಲಲ್ಲಿ ಮಾತ್ರ ನಿಂತು ತಿರುಗಿದಳು.

"ಅವರಿಗೆ ನೀವೇ ಹೇಳಿ ಮಿಸ್. ಇದು ನಾನು ಮಾಡಿದ್ದಲ್ಲ."

ಅಪ್ಪ ಮಗಳು ಓಡುವ ಸದ್ದು ಮೊಗಸಾಲೆಯುದ್ದಕ್ಕೂ ಕೇಳಿಸಿ ಆಮೇಲೆ ನಿಂತಿತು.

"ಏನಂತೆ ಮೇಡಂ? ಏನು ಹೇಳ್ಬೇಕಂತೆ ನನಗೆ?" ಹುಡುಗನ ಅಮ್ಮ ಇನ್ನೂ ನಗುತ್ತಿದ್ದಳು.

"ಕೂತ್ಕೊಳ್ಳಿ."

"ಅಯ್ಯೋ ಕೂರೋಕೆಲ್ಲಿ ಹೊತ್ತಿದೆ, ಅರ್ಧ ಗಂಟೆ ಅಂತ ಹೇಳಿ ಬಂದಿದೀನಿ. ನಿಂತೇ ಕೇಳ್ತೀನಿ, ಹೇಳಿ."

ಕಾಲೇಜಿನವರಿಂದ ಏನೋ ಎಡವಟ್ಟಾಗಿದೆ ಎನ್ನಬಹುದಿತ್ತು. ಕಂಪ್ಯೂಟರಿನ ತಲೆಗೆ ಕಟ್ಟಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು, ಬಹಳ ಸಲೀಸಾಗಿ ಬಂದವು. ಸೀಟಮ್ಮ ಎರಡನ್ನೂ ನುಂಗಿಕೊಂಡಳು.

"ಆ ಸೀಟು ಈಗ ಹೋದಳಲ್ಲ, ಆ ಹುಡುಗಿದು. ಅವಳಿಗೆ ಗೊತ್ತಿಲ್ಲದ ಹಾಗೆ ನಾನು ಬಿಡಿಸಿದ್ದೆ. ಅವಳು ವಾಪಸ್ ತಗೊಳ್ಳೋಕೆ ಹೋದಳು. ನಿಮ್ಮ ಮಗನಿಗೆ ಬಂದದ್ದು ಸಂಜೆಯೊಳಗೆ ರದ್ದಾಗತ್ತೆ."

ಹುಡುಗನ ಅಮ್ಮನ ನಗು ತಕ್ಷಣ ಹೋಗಲಿಲ್ಲ. ಮುಖಕ್ಕೆ ಸುದ್ದಿ ತಲುಪಲು ಹೊತ್ತು ಹಿಡಿಯಿತು. ತಲುಪಿದ ಮೇಲೆ ಅವಳು ಸೀಟಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವನು ಬೀದಿಯವರಿಗೆಲ್ಲ ಹೇಳ್ಕೊಂಡು ಬಂದಿದಾನೆ ಮೇಡಂ," ಎಂದಳು ಮೆಲ್ಲಗೆ. "ನಾನು ಹೇಗೆ ಹೇಳ್ಲಿ ಅವನಿಗೆ? ನನ್ನ ಕೈಲಿ ಆಗಲ್ಲ. ನೀವೇ ಹೇಳಿ."

ಫೋನು ತೆಗೆದು, ಸುಕ್ಕಾದ ಬೆರಳಿನಿಂದ ಒತ್ತಿ, ಮೇಜಿನಾಚೆಯಿಂದ ಕೈ ಚಾಚಿ ಸೀಟಮ್ಮನ ಕಿವಿಗೆ ಹಿಡಿದಳು. ಎರಡನೇ ಸಲ ರಿಂಗ್ ಆಗುವಷ್ಟರಲ್ಲಿ ಹುಡುಗ ಎತ್ತಿಕೊಂಡ. ಅವನ ಹಿಂದೆ ಯಾರೋ ಗೆಳೆಯರು ಕೇಕೆ ಹಾಕುತ್ತಿದ್ದರು.

"ಅಮ್ಮಾ," ಎಂದ, "ಮೇಡಂಗೆ ಥ್ಯಾಂಕ್ಸ್ ಹೇಳಿದ್ಯಾ?"